ಶಾಲಾ ಅಡುಗೆ ಕೋಣೆಯ ಸಿಂಕಿನ ಬೂಷ್ಟು: ಕಾರಣ, ನಿವಾರಣೆ ಮತ್ತು ಪಂಚಾಯತಿಯ ಪಾತ್ರ



ಮಳೆಗಾಲ ಕಳೆದ ಮೇಲೆ ಶಾಲೆ ಮತ್ತು ಅಂಗನವಾಡಿಗಳಿಂದ ಪಂಚಾಯತಿಗೆ ಬರುವ ಮನವಿಗಳಲ್ಲಿ ಒಂದು ಸಾಲು ಬಹುತೇಕ ಪ್ರತಿವರ್ಷ ಇರುತ್ತದೆ: ಅಡುಗೆ ಕೋಣೆಯ ಗೋಡೆ ಕಪ್ಪಾಗಿದ್ದು, ಸುಣ್ಣಬಣ್ಣ ಮಾಡಿಸಿಕೊಡಬೇಕಾಗಿ ವಿನಂತಿ. ಸಭೆ ಅನುಮೋದಿಸುತ್ತದೆ, ಬಣ್ಣ ಬಳಿಯಲಾಗುತ್ತದೆ, ಬಿಲ್ಲು ಪಾವತಿಯಾಗುತ್ತದೆ. ಮರುವರ್ಷ ಅದೇ ಗೋಡೆ, ಅದೇ ಮನವಿ. ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯತಿಯಲ್ಲಿ ಒಂದೇ ಶಾಲೆಯ ಒಂದೇ ಗೋಡೆಗೆ ಸತತ ಎರಡು ವರ್ಷ ಬಣ್ಣದ ಬಿಲ್ಲಿಗೆ ನಾನೇ ಸಹಿ ಮಾಡಿದ್ದೇನೆ. ಎಂಜಿನಿಯರಿಂಗ್ ಪದವಿ ಪಡೆದವನಾಗಿಯೂ ಎರಡೂ ಸಲ ಸಿಂಕಿನ ಕೆಳಗೆ ಬಗ್ಗಿ ನೋಡಿರಲಿಲ್ಲ. ಮೂರನೆಯ ವರ್ಷ ಅಲ್ಲಿನ ಮುಖ್ಯ ಅಡುಗೆಯವರು, "ಬಣ್ಣ ಹೊಡ್ಸೋದು ಹೊಡ್ಸಿ ಸಾರ್, ಮೊದ್ಲು ಆ ಪೈಪೊಂದು ನೋಡಿ" ಎಂದರು. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಸಂಗತಿಯನ್ನು ಅವರು ಅಂದೇ ಹೇಳಿದ್ದರು.

ಗೋಡೆ ಕಪ್ಪಾಗಿಸುವ ಬೂಷ್ಟು ಶಿಲೀಂಧ್ರದ ಬೆಳವಣಿಗೆ. ಅಂಗಳದ ಪಾಚಿಗೆ ಬೆಳಕು ಬೇಕು, ಬೂಷ್ಟಿಗೆ ಬೇಡ. ಆದ್ದರಿಂದಲೇ ಸಿಂಕಿನ ಕೆಳಗಿನ ಕತ್ತಲೆ ಅದಕ್ಕೆ ಹಿತವಾದ ಜಾಗ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ, ಅವುಗಳನ್ನು ತಡೆಯುವುದು ಯಾರಿಂದಲೂ ಆಗದು. ಆಹಾರವನ್ನು ತಡೆಯುವುದೂ ಕಷ್ಟ. ಅನ್ನದ ಗಂಜಿ, ಸಾರಿನ ಜಿಡ್ಡು, ಸಾಬೂನಿನ ಪದರ, ಗೋಡೆಯ ಬಣ್ಣ, ಎಲ್ಲವೂ ಅದಕ್ಕೆ ಆಹಾರವೇ. ನಮ್ಮ ಕೈಯಲ್ಲಿ ಉಳಿಯುವುದು ತೇವವೊಂದೇ. ಒದ್ದೆಯಾದ ಜಾಗ ಒಂದೆರಡು ದಿನದೊಳಗೆ ಪೂರ್ಣ ಒಣಗಿದರೆ ಬೂಷ್ಟು ಸಾಮಾನ್ಯವಾಗಿ ನೆಲೆಯೂರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದಂತಹ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವವಾಗಿರುವುದರಿಂದ ಒಣಗುವುದು ನಿಧಾನ ಎಂಬುದು ನಿಜ. ಆದರೆ ಬೇಸಿಗೆಯಲ್ಲಿಯೂ ಸಿಂಕಿನ ಬಳಿಯ ಕಪ್ಪು ಹೋಗದಿದ್ದರೆ ಮಳೆಯನ್ನು ದೂರಬಾರದು. ಅಲ್ಲಿ ಎಲ್ಲಿಂದಲೋ ನೀರು ಬರುತ್ತಿದೆ ಎಂದೇ ತಿಳಿಯಬೇಕು.

ಆ ನೀರನ್ನು ಹುಡುಕಲು ಎಂಜಿನಿಯರ್ ಬೇಕಾಗಿಲ್ಲ. ಸಿಂಕಿನ ಕೆಳಗಿನ ನೆಲವನ್ನು ಒಣಬಟ್ಟೆಯಿಂದ ಒರೆಸಿ ಹಳೆಯ ದಿನಪತ್ರಿಕೆ ಹಾಸಿ. ಸಿಂಕಿನ ತೂತು ಮುಚ್ಚಿ ನೀರು ತುಂಬಿ, ಒಮ್ಮೆಲೇ ಬಿಡಿ. ಹನಿ ಹನಿಯಾಗಿ ಬಿಟ್ಟಾಗ ಸೋರದ ಜಾಯಿಂಟು ಈ ಒತ್ತಡಕ್ಕೆ ಸೋರುತ್ತದೆ, ಕಾಗದದ ಮೇಲಿನ ಕಲೆ ಜಾಗವನ್ನು ತೋರಿಸುತ್ತದೆ. ಸಿಂಕಿಗೂ ಪೈಪಿಗೂ ನಡುವಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿರುವುದು ಸಾಮಾನ್ಯ ದೋಷ. ಅದಕ್ಕಿಂತ ಹೆಚ್ಚಾಗಿ ನಾನು ಕಂಡಿರುವುದು ಇನ್ನೊಂದು: ಬಾಗುವ ಪ್ಲಾಸ್ಟಿಕ್ ಪೈಪನ್ನು ನೆಲದಲ್ಲಿರುವ ದಪ್ಪ ಪೈಪಿನ ಬಾಯಿಗೆ ಸುಮ್ಮನೆ ತುರುಕಿರುತ್ತಾರೆ. ನಡುವೆ ರಬ್ಬರ್ ಬಿಗಿ ಇರುವುದಿಲ್ಲ. ದೊಡ್ಡ ಪಾತ್ರೆ ತೊಳೆದಾಗ ನೀರು ಹಿಂದಕ್ಕೆ ಉಕ್ಕಿ ನೆಲಕ್ಕೆ ಹರಡುತ್ತದೆ, ಅದೇ ಸಂದಿನಿಂದ ಜಿರಳೆಯೂ ಬರುತ್ತದೆ.

ಎರಡನೆಯ ಜಾಗ ಕಲ್ಲಿಗೂ ಗೋಡೆಗೂ ನಡುವಿನ ಸಂದು. ಕಡಪ ಕಲ್ಲನ್ನು ಕೂರಿಸಿದಾಗ ತುಂಬಿದ ಬಿಳಿ ಸಿಮೆಂಟು ಕೆಲವು ವರ್ಷಗಳಲ್ಲಿ ಬಿರಿಯುತ್ತದೆ. ಕಲ್ಲು ಗೋಡೆಯ ಕಡೆಗೆ ಕೂದಲೆಳೆಯಷ್ಟು ವಾಲಿದ್ದರೂ ನಲ್ಲಿಯಿಂದ ಚಿಮ್ಮಿದ ನೀರೆಲ್ಲ ಆ ಬಿರುಕಿಗೆ ಇಳಿಯುತ್ತದೆ. ಹಳೆಯ ಸಿಮೆಂಟನ್ನು ಕೆರೆದು ತೆಗೆದು, ಪೂರ್ಣ ಒಣಗಿದ ಮೇಲೆ, ಬೂಷ್ಟು ನಿರೋಧಕ ಸಿಲಿಕೋನ್ ತುಂಬಿಸಬೇಕು. ಒದ್ದೆಯಿರುವಾಗ ತುಂಬಿಸಿದರೆ ಅದು ಗೋಡೆಗೆ ಹಿಡಿಯದೆ ಸಿಪ್ಪೆಯಂತೆ ಎದ್ದು ಬರುತ್ತದೆ.

ನಲ್ಲಿಯ ಬಗ್ಗೆ ಒಂದು ಸಣ್ಣ ಲೆಕ್ಕ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುತ್ತಿದ್ದರೆ, ಹನಿಯೊಂದನ್ನು ಕಾಲು ಮಿಲಿಲೀಟರ್ ಎಂದು ಹಿಡಿದರೆ, ದಿನಕ್ಕೆ 21 ಲೀಟರಿಗೂ ಹೆಚ್ಚು ನೀರಾಗುತ್ತದೆ. ಜಲಜೀವನ್ ಮಿಷನ್ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿರುವ ಪ್ರಮಾಣ 55 ಲೀಟರ್. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ನೀರು ರಾತ್ರಿಹಗಲು ಒಂದೇ ಮೂಲೆಯನ್ನು ತೋಯಿಸುತ್ತಿದೆ ಎಂದಾಯಿತು.

ಮೇಲೆ ಹೇಳಿದ ಶಾಲೆಯಲ್ಲಿ ಮಾತ್ರ ಮೂಲ ಕೋಣೆಯೊಳಗೆ ಇರಲೇ ಇಲ್ಲ. ಸಿಂಕಿನ ಪೈಪು ಗೋಡೆ ದಾಟಿ ಹೊರಗೆ ಗೇಣುದ್ದದಲ್ಲಿ ಮುಗಿದಿತ್ತು. ಪಾತ್ರೆ ತೊಳೆದ ನೀರು ಪ್ರತಿದಿನ ಅಡಿಪಾಯದ ಬುಡಕ್ಕೇ ಬೀಳುತ್ತಿತ್ತು, ಗೋಡೆ ಅದನ್ನು ದೀಪದ ಬತ್ತಿ ಎಣ್ಣೆ ಹೀರುವಂತೆ ಮೇಲಕ್ಕೆ ಹೀರುತ್ತಿತ್ತು. ನೆಲದಿಂದ ಎರಡಡಿ ಎತ್ತರದವರೆಗೆ ಗಿಲಾವು ಬೆರಳಿಗೆ ಪುಡಿಯಾಗುತ್ತಿತ್ತು. ಅದರ ಮೇಲೆ ನಾವು ಎರಡು ಸಲ ಡಿಸ್ಟೆಂಪರ್ ಬಳಿಸಿ, ತೇವ ಹೊರಹೋಗುವ ದಾರಿಯನ್ನೂ ಮುಚ್ಚಿದ್ದೆವು.

ಗೋಡೆ ಅಂದಗೆಟ್ಟರೆ ಸಹಿಸಬಹುದು. ಅಂದು ಸಹಿಸಲಾಗದಂತೆ ಕಂಡದ್ದು ಆ ಗೋಡೆಗೆ ಒರಗಿಸಿಟ್ಟಿದ್ದ ತೊಗರಿಬೇಳೆಯ ಚೀಲ. ಎತ್ತಿದಾಗ ತಳದ ಬೇಳೆ ಬೂದುಬಣ್ಣಕ್ಕೆ ತಿರುಗಿ ಗಂಟುಗಟ್ಟಿತ್ತು. ಮೇಲಿನದನ್ನು ಬಿಸಿಲಿಗೆ ಹಾಕಿ ತೊಳೆದು ಬಳಸೋಣವೇ ಎಂಬ ಪ್ರಶ್ನೆ ಬಂತು. ಲೆಕ್ಕದ ಪುಸ್ತಕಕ್ಕೆ ಉತ್ತರ ಕೊಡಬೇಕಾದ ಮುಖ್ಯೋಪಾಧ್ಯಾಯರು ಹಾಗೆ ಕೇಳಿದ್ದು ಸಹಜವೇ. ಆದರೆ ಈ ವಿಷಯದಲ್ಲಿ ರಾಜಿಗೆ ಅವಕಾಶವಿಲ್ಲ. ಕೆಲವು ಜಾತಿಯ ಬೂಷ್ಟು, ವಿಶೇಷವಾಗಿ ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ, ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಅದು ಯಕೃತ್ತಿಗೆ ಹಾನಿಕರ, ಕ್ಯಾನ್ಸರ್‌ಕಾರಕ. ಕುದಿಸಿದರೂ ಸಾಮಾನ್ಯ ಅಡುಗೆಯ ಶಾಖಕ್ಕೆ ನಾಶವಾಗದು. ಯಾವ ಬೂಷ್ಟಿನಲ್ಲಿ ವಿಷವಿದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ. ಆ ಚೀಲವನ್ನು ಮಹಜರು ಬರೆದು ಪೂರ್ತಿ ವಿಲೇವಾರಿ ಮಾಡಿ, ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಲಿಖಿತವಾಗಿ ತಿಳಿಸಲಾಯಿತು. ಇಂತಹ ಸಂದರ್ಭದಲ್ಲಿ ಸದಸ್ಯರು ಜೊತೆಗಿದ್ದು ಮಹಜರಿಗೆ ಸಹಿ ಹಾಕಿದರೆ ಶಿಕ್ಷಕರ ಅರ್ಧ ಅಳುಕು ಹೋಗುತ್ತದೆ. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ, ಸಿಂಕಿನ ಗೋಡೆಯನ್ನು ಬಿಟ್ಟು ಬೇರೆ ಕಡೆ ಇಡಿಸಬೇಕು. ಬೂಷ್ಟಿನ ಗಾಳಿ ಉಸಿರಾಡುವುದರಿಂದ ಆಸ್ತಮಾ ಮತ್ತು ಅಲರ್ಜಿ ಇರುವವರ ತೊಂದರೆ ಉಲ್ಬಣಿಸುತ್ತದೆ. ದಿನದ ಹಲವು ಗಂಟೆ ಅಲ್ಲಿ ನಿಲ್ಲುವವರು ಅಡುಗೆಯವರು ಎಂಬುದನ್ನೂ ಮರೆಯಬಾರದು.

ಸ್ವಚ್ಛತೆಯ ಕ್ರಮಕ್ಕೆ ಬರೋಣ. ಶನಿವಾರ ಮಕ್ಕಳು ಮನೆಗೆ ಹೋದ ನಂತರ, ಆಹಾರ ಸಾಮಗ್ರಿಗಳನ್ನು ಹೊರಗಿಟ್ಟು, ಕಿಟಕಿ ಬಾಗಿಲು ತೆರೆದು ಕೆಲಸ ಆರಂಭಿಸಬೇಕು. ಕೈಗವಸು ಮತ್ತು ಮುಖಗವಸು ಕಡ್ಡಾಯ. ಒಣ ಬೂಷ್ಟನ್ನು ಪೊರಕೆಯಿಂದ ಉಜ್ಜಿದರೆ ಬೀಜಕಣಗಳು ಕೋಣೆಯೆಲ್ಲ ಹರಡುತ್ತವೆ. ಮೊದಲು ನೀರು ಚಿಮುಕಿಸಿ, ಸಾಬೂನಿನ ನೀರಿನಿಂದ ಬ್ರಷ್ ಹಾಕಿ ತೊಳೆಯಬೇಕು. ಜಿಡ್ಡು ಹೋದ ಮೇಲಷ್ಟೇ ಬ್ಲೀಚಿಂಗ್ ಪೌಡರ್. ಇದು ನೀರಗಂಟಿಯವರ ಬಳಿ ಹೇಗೂ ಇರುತ್ತದೆ. ಒಂದು ಲೀಟರ್ ನೀರಿಗೆ 30ರಿಂದ 40 ಗ್ರಾಂ ಕಲಸಿದರೆ ಸುಮಾರು ಶೇಕಡಾ 1ರ ದ್ರಾವಣ ದೊರೆಯುತ್ತದೆ. ಸುಣ್ಣ ತಳದಲ್ಲಿ ಕೂತ ಮೇಲೆ ತಿಳಿನೀರನ್ನು ಮಾತ್ರ ಹಚ್ಚಿ, 10 ನಿಮಿಷ ಬಿಟ್ಟು ತೊಳೆದು, ಒಣಬಟ್ಟೆಯಿಂದ ಒರೆಸಬೇಕು. ಸ್ಟೀಲ್ ಸಿಂಕಿನ ಮೇಲೆ ಅದು ಉಳಿಯಬಾರದು, ಲೋಹಕ್ಕೆ ತೂತು ಬೀಳುತ್ತದೆ. ಬಾಯಿ ತೆರೆದಿಟ್ಟ ಚೀಲದ ಪುಡಿ, ಅದರಲ್ಲೂ ಮಲೆನಾಡಿನ ತೇವದಲ್ಲಿ, ಸತ್ವ ಕಳೆದುಕೊಂಡಿರುತ್ತದೆ ಎಂಬುದು ಗಮನದಲ್ಲಿರಲಿ.

ಒಂದು ಎಚ್ಚರಿಕೆಯನ್ನು ಅಡುಗೆಯವರಿಗೆ ತಾವೇ ಖುದ್ದಾಗಿ ತಿಳಿಸಬೇಕೆಂದು ಕೋರುತ್ತೇನೆ. ಬ್ಲೀಚಿಂಗ್ ಪೌಡರಿನ ಜೊತೆ ಶೌಚಾಲಯ ತೊಳೆಯುವ ಆಸಿಡ್, ವಿನೆಗರ್ ಅಥವಾ ನಿಂಬೆರಸವನ್ನು ಎಂದಿಗೂ ಬೆರೆಸಬಾರದು. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಕೋಣೆಯಲ್ಲಿ ಅದು ಪ್ರಾಣಾಪಾಯಕಾರಿ. ಎರಡೂ ವಸ್ತುಗಳು ಅನೇಕ ಶಾಲೆಗಳಲ್ಲಿ ಒಂದೇ ಮೂಲೆಯಲ್ಲಿ ಇರುತ್ತವೆ.

ಟೈಲ್ಸ್, ಕಲ್ಲು, ಸ್ಟೀಲ್‌ಗಳಿಗೆ ಇಷ್ಟು ಸಾಕು. ಪುಡಿಯಾಗುವ ಗಿಲಾವಿಗೆ ಸಾಲದು, ಏಕೆಂದರೆ ಬೇರು ಒಳಗಿರುತ್ತದೆ, ದ್ರಾವಣ ಮೇಲೆಯೇ ನಿಲ್ಲುತ್ತದೆ. ತೇವ ಕಾಣುವ ಗೆರೆಗಿಂತ ಒಂದಡಿ ಹೆಚ್ಚೇ ಕೆತ್ತಿ ತೆಗೆದು, ಇಟ್ಟಿಗೆಯನ್ನು ಕೆಲವು ವಾರ ಒಣಗಲು ಬಿಟ್ಟು, ನಂತರ ಹೊಸ ಗಿಲಾವು ಮಾಡಿಸಬೇಕು. ಇದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕೆಲಸ. ಆರ್ಥಿಕ ವರ್ಷದ ಅನುದಾನ ಮುಗಿಸುವ ಆತುರದಲ್ಲಿ ಒದ್ದೆ ಗೋಡೆಗೆ ಗಿಲಾವು ಮಾಡಿಸುವುದು ಹಣವನ್ನು ಗೋಡೆಯೊಳಗೆ ಹೂಳಿದಂತೆ. ಅಂತಿಮವಾಗಿ ಸುಣ್ಣ ಬಳಿಸುವುದನ್ನೇ ನಾನು ಸೂಚಿಸುತ್ತೇನೆ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು, ಗೋಡೆಯ ತೇವವೂ ಅದರ ಮೂಲಕ ಹೊರಹೋಗುತ್ತದೆ.

ಹೊರಗಿನ ನೀರಿಗೆ ದಾರಿ ಮಾಡದೆ ಒಳಗಿನ ಯಾವ ಕೆಲಸವೂ ನಿಲ್ಲುವುದಿಲ್ಲ. ಪೈಪನ್ನು ಮುಂದುವರಿಸಿ, 40 ಅಡಿಗೆ ಒಂದಡಿಯಂತೆ ಇಳಿಜಾರು ಕೊಟ್ಟು, ಕಟ್ಟಡದಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ ದೂರದ ಬಚ್ಚಲು ಗುಂಡಿಗೆ ಅಥವಾ ಕೈತೋಟಕ್ಕೆ ಬಿಡಬೇಕು. ಗುಂಡಿಗೆ ಮೊದಲು ಜಾಲರಿಯಿರುವ ಸಣ್ಣ ತೊಟ್ಟಿ ಇರಲೇಬೇಕು. ಇಲ್ಲವಾದರೆ ಅನ್ನದ ಅಗುಳು ಮತ್ತು ಜಿಡ್ಡು ಗುಂಡಿಯನ್ನು ಬೇಗನೆ ಕಟ್ಟಿಸಿಬಿಡುತ್ತವೆ. ಹಣಕಾಸು ಆಯೋಗದ ನಿರ್ಬಂಧಿತ ಅನುದಾನ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿದ್ದು, ಬೂದುನೀರಿನ ನಿರ್ವಹಣೆಯೂ ಅದರ ವ್ಯಾಪ್ತಿಯಲ್ಲಿದೆ. ವಾಷರ್, ಪೈಪಿನಂತಹ ಕೆಲವೇ ನೂರು ರೂಪಾಯಿಗಳ ಸಣ್ಣ ದುರಸ್ತಿಗೆ ಕ್ರಿಯಾಯೋಜನೆಯವರೆಗೆ ಕಾಯುವುದು ತರವಲ್ಲ.

ಆದ್ದರಿಂದ ಸುಣ್ಣಬಣ್ಣದ ಮನವಿ ಸಭೆಗೆ ಬಂದಾಗ ಅಂದಾಜುಪಟ್ಟಿಯಲ್ಲಿ ಕೊಳಾಯಿ ಮತ್ತು ಚರಂಡಿಯ ದುರಸ್ತಿ ಸೇರಿದೆಯೇ ಎಂದು ಮೊದಲು ಪ್ರಶ್ನಿಸಬೇಕು. ಸೇರಿಲ್ಲದಿದ್ದರೆ, ಅಭಿವೃದ್ಧಿ ಅಧಿಕಾರಿಯನ್ನು ಸಿಂಕಿನ ಕೆಳಗೆ ನೋಡಿ ಬರಲು ಕಳುಹಿಸಿ. ಮೇ ತಿಂಗಳ ಕೊನೆಯಲ್ಲಿ, ಶಾಲೆ ತೆರೆಯುವ ಮೊದಲು, ತಮ್ಮ ವಾರ್ಡಿನ ಶಾಲೆ ಮತ್ತು ಅಂಗನವಾಡಿಯಲ್ಲಿ ದಿನಪತ್ರಿಕೆಯ ಪರೀಕ್ಷೆಯನ್ನು ತಾವೇ ನಿಂತು ಮಾಡಿಸಬಹುದು. ಅರ್ಧ ಗಂಟೆಯೂ ಬೇಕಾಗುವುದಿಲ್ಲ.

ಆ ಶಾಲೆಯ ಗೋಡೆ ಪೈಪು ಸರಿಪಡಿಸಿದ ನಂತರದ ಮಳೆಗಾಲವನ್ನು ಕಪ್ಪಾಗದೆ ದಾಟಿತು. ನಲ್ಲಿಯ ಹಿಂದೆ ಮಾತ್ರ ಅಂಗೈಯಗಲದ ಕಲೆ ಮತ್ತೆ ಮೂಡಿತ್ತು. ಎರಚಲು ಬರುತ್ತದೆಂದು ಕಿಟಕಿಗೆ ರಟ್ಟು ಬಡಿದಿದ್ದರು, ಅನ್ನದ ಹಬೆ ಹೊರಹೋಗಲಾಗದೆ ತಣ್ಣನೆಯ ಟೈಲ್ಸ್ ಮೇಲೆ ನೀರಾಗಿ ಇಳಿಯುತ್ತಿತ್ತು. ರಟ್ಟು ತೆಗೆಸಿ, ಕಿಟಕಿಯ ಮೇಲೆ ಒಂದೂವರೆ ಅಡಿ ತಗಡಿನ ಮಾಡು ಹಾಕಿಸಿದ್ದೇವೆ.