ಇಸ್ತ್ರಿ ಪೆಟ್ಟಿಗೆಯೂ ತಾಮ್ರದ ಗೆರೆಯೂ

ಹಳೆಯ ವಾಲ್ವ್ ರೇಡಿಯೋ ಒಂದರ ಹಿಂಬದಿಯ ರಟ್ಟನ್ನು ಬಿಚ್ಚಿ, ತಗಡಿನ ತಳವನ್ನು ಮಗುಚಿ ನೋಡಿದವರಿಗೆ ಒಳಗಿನ ನೋಟ ಬೇಗ ಮರೆಯುವಂಥದಲ್ಲ. ಕೆಂಪು, ಹಳದಿ, ಹಸಿರು ತಂತಿಗಳು ಒಂದರ ಮೇಲೊಂದು ಹಾದು, ನೂಲಿನ ಉಂಡೆಯನ್ನು ಬೆಕ್ಕು ಕೆದರಿದಂತೆ ಕಾಣುತ್ತವೆ. ಅವುಗಳಲ್ಲಿ ಪ್ರತಿಯೊಂದನ್ನೂ ಯಾರೋ ಕೈಯಿಂದ ಕತ್ತರಿಸಿ, ತುದಿ ಸುಲಿದು, ಬೆಸುಗೆ ಹಾಕಿದ್ದರು. ಈಗ ನಿಮ್ಮ ಮನೆಯ ಯಾವುದಾದರೂ ಹೊಸ ರೇಡಿಯೋವನ್ನೋ ಗಡಿಯಾರವನ್ನೋ ಬಿಚ್ಚಿ ನೋಡಿ. ತಂತಿಗಳೆಲ್ಲಿ? ಒಂದು ತೆಳು ಹಲಗೆ, ಅದರ ಮೇಲೆ ಕವಲೊಡೆದು ಹರಿದಿರುವ ಸಣ್ಣ ಸಣ್ಣ ಗೆರೆಗಳು. ಆ ಗೆರೆಗಳು ತಾಮ್ರದವು, ಅವೇ ತಂತಿಗಳು. ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಎಂದು ಇದರ ಪೂರ್ಣ ಹೆಸರು. ಅಂಗಡಿಯಲ್ಲಿ ಕೇಳುವಾಗ ಪಿ.ಸಿ.ಬಿ. ಎಂದರೆ ಸಾಕು. ನಾವು ಬೋರ್ಡು ಎಂದೇ ಕರೆಯೋಣ.

ತಂತಿಯ ಬದಲು ಗೆರೆ ಎಂಬ ಈ ಯೋಚನೆಗೂ ರೇಡಿಯೋಕ್ಕೂ ಹಳೆಯ ನಂಟು. ೧೯೦೭ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಪಾಲ್ ಐಸ್ಲರ್ ಎಂಬ ಇಂಜಿನಿಯರು ಅಚ್ಚಿನ ಕೆಲಸವನ್ನೂ ಬಲ್ಲವರಾಗಿದ್ದರು. ೧೯೩೬ರಲ್ಲಿ ಇಂಗ್ಲೆಂಡಿಗೆ ಬಂದ ಅವರು ಲಂಡನ್ನಿನ ಬಾಡಿಗೆ ಕೋಣೆಯೊಂದರಲ್ಲಿ, ಇಂಥ ಗೆರೆಗಳನ್ನು ಬಳಸಿ ಒಂದು ರೇಡಿಯೋವನ್ನು ಕಟ್ಟಿದರು. ಅದನ್ನು ರೇಡಿಯೋ ತಯಾರಕರಿಗೆ ತೋರಿಸಿದಾಗ, ತಂತಿ ಜೋಡಿಸುವ ಹೆಣ್ಣುಮಕ್ಕಳ ಕೂಲಿಯೇ ಇದಕ್ಕಿಂತ ಅಗ್ಗ ಎಂಬ ಉತ್ತರ ಬಂತೆಂದು ಹೇಳುತ್ತಾರೆ. ಮುಂದೆ ಮಹಾಯುದ್ಧದ ಅಗತ್ಯವು ಆ ಲೆಕ್ಕವನ್ನು ತಿದ್ದಿತು. ೧೯೫೪ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೋದ ಒಳಗೆ ತಂತಿಯ ಗೋಜಲು ಇರಲಿಲ್ಲ, ಬೋರ್ಡು ಇತ್ತು.

ಇರಲಿ. ಇಂದು ನಮಗೆ ಬೇಕಾದದ್ದು ಬೇರೊಂದು ಸಂಗತಿ. ಇಂಥ ಬೋರ್ಡನ್ನು ಕಾಲೇಜು ಓದುವ ಹುಡುಗನೋ ಹುಡುಗಿಯೋ ಮನೆಯಲ್ಲಿಯೇ, ಒಂದು ಮಧ್ಯಾಹ್ನದಲ್ಲಿ, ಜೆರಾಕ್ಸ್ ಅಂಗಡಿಯ ಒಂದು ಹಾಳೆಯಿಂದಲೂ ಮನೆಯ ಇಸ್ತ್ರಿ ಪೆಟ್ಟಿಗೆಯಿಂದಲೂ ಮಾಡಿಕೊಳ್ಳಬಹುದು.

ಮುದ್ರಿತ ಎಂಬ ಹೆಸರನ್ನು ಕೇಳಿ, ತಾಮ್ರವನ್ನೇ ಶಾಯಿಯಂತೆ ಹಚ್ಚುತ್ತಾರೇನೋ ಎಂದು ತಿಳಿಯಬೇಡಿ. ನಡೆಯುವುದು ಅದಕ್ಕೆ ತಿರುಗುಮುರುಗು. ಹಲಗೆಯ ಇಡೀ ಮೈಗೆ ತಾಮ್ರದ ತೆಳು ಹಾಳೆ ಮೊದಲೇ ಅಂಟಿರುತ್ತದೆ. ಗೆರೆ ಉಳಿಯಬೇಕಾದ ಕಡೆ ಏನಾದರೊಂದು ಲೇಪ ಹಚ್ಚಿ ಮುಚ್ಚುವುದು, ಉಳಿದ ತಾಮ್ರವನ್ನು ಒಂದು ದ್ರಾವಣಕ್ಕೆ ತಿನ್ನಲು ಬಿಡುವುದು, ಇಷ್ಟೇ ಉಪಾಯ. ಮೊಳೆಯಚ್ಚಿನ ಕಾಲದಲ್ಲಿ ಅಚ್ಚುಕೂಟದ ಒಡನಾಟವಿದ್ದವರಿಗೆ ಇದು ಹೊಸದಲ್ಲ. ಪತ್ರಿಕೆಯ ಗೆರೆಚಿತ್ರಗಳಿಗೆ ಬ್ಲಾಕ್ ಮಾಡುವಾಗ ಸತುವಿನ ತಗಡಿನ ಮೇಲೆ ಚಿತ್ರವನ್ನು ಲೇಪದಿಂದ ಮೂಡಿಸಿ, ಮಿಕ್ಕದ್ದನ್ನು ನೈಟ್ರಿಕ್ ಆಮ್ಲಕ್ಕೆ ಉಣಿಸುತ್ತಿದ್ದರು. ಅದೇ ವಿದ್ಯೆ ಇಲ್ಲಿಯೂ.

ಹಾಗಾದರೆ ಲೇಪಕ್ಕೆ ಏನು? ಇಲ್ಲಿಯೇ ಲೇಸರ್ ಪ್ರಿಂಟರಿನ ಸ್ವಾರಸ್ಯವಿರುವುದು. ಅದರಲ್ಲಿ ಶಾಯಿ ಎಂಬುದೇ ಇಲ್ಲ. ಟೋನರ್ ಎಂದು ಕರೆಯುವ ಆ ಕಪ್ಪು ಪುಡಿ ಹೆಚ್ಚಿನ ಪಾಲು ಪ್ಲಾಸ್ಟಿಕ್ಕು. ಕಪ್ಪಿಗಾಗಿ ಅದರಲ್ಲಿ ಇಂಗಾಲವನ್ನೋ ಕಬ್ಬಿಣದ ಆಕ್ಸೈಡನ್ನೋ ಬೆರೆಸಿರುತ್ತಾರೆ. ಯಂತ್ರವು ಈ ಪುಡಿಯನ್ನು ವಿದ್ಯುತ್ತಿನ ಸೆಳೆತದಿಂದ ಕಾಗದದ ಮೇಲೆ ಕೂರಿಸಿ, ಬಿಸಿ ಉರುಳೆಯ ಕೆಳಗೆ ಹಾಯಿಸಿ, ಕರಗಿಸಿ ಅಂಟಿಸುತ್ತದೆ. ಒಮ್ಮೆ ಕರಗಿದ್ದು ಮತ್ತೆ ಶಾಖ ಕೊಟ್ಟರೆ ಮತ್ತೆ ಮೆತ್ತಗಾದೀತಲ್ಲವೆ? ಮುದ್ರಿಸಿದ ಹಾಳೆಯನ್ನು ತಾಮ್ರದ ಮೇಲೆ ಬೋರಲು ಹಾಕಿ ಇಸ್ತ್ರಿ ಒತ್ತಿದರೆ, ಆ ಪ್ಲಾಸ್ಟಿಕ್ಕು ಕಾಗದವನ್ನು ಬಿಟ್ಟು ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ತಾಮ್ರವನ್ನು ತಿನ್ನುವ ದ್ರಾವಣಕ್ಕೆ ಪ್ಲಾಸ್ಟಿಕ್ಕನ್ನು ತಿನ್ನುವ ಶಕ್ತಿಯಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡರೆ ಮುಂದಿನ ಕ್ರಮವೆಲ್ಲ ತಾನಾಗಿ ಅರ್ಥವಾಗುತ್ತದೆ. ಶಾಯಿ ಚಿಮ್ಮಿಸುವ ಇಂಕ್‌ಜೆಟ್ ಪ್ರಿಂಟರು ಈ ಕೆಲಸಕ್ಕೆ ಏಕೆ ಬಾರದು ಎಂಬುದೂ ತಿಳಿಯುತ್ತದೆ. ಜೆರಾಕ್ಸ್ ಯಂತ್ರದಲ್ಲಿರುವುದೂ ಇಂಥದೇ ಪುಡಿಯಾದ್ದರಿಂದ, ಪ್ರಿಂಟರ್ ಇಲ್ಲವೆಂದು ಯಾರೂ ಕೈಕಟ್ಟಿ ಕೂರಬೇಕಾಗಿಲ್ಲ.

ಮೊದಲು ಹಲಗೆ. ಕಾಪರ್ ಕ್ಲ್ಯಾಡ್ ಎಂದು ಕೇಳಿ ತನ್ನಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಅಂಗಡಿಸಾಲು ನಿಮಗೆ ಗೊತ್ತೇ ಇದೆ. ಕಂದು ಬಣ್ಣದ ಕಾಗದದ ಹಲಗೆ ಅಗ್ಗ, ಕೊರೆಯುವುದಕ್ಕೂ ಸುಲಭ. ಗಾಜಿನ ನೂಲಿನ ಹಲಗೆ ಗಟ್ಟಿ, ಶಾಖ ತಡೆಯುತ್ತದೆ, ಆದರೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಾಮಾನ್ಯವಾಗಿ ಹಲಗೆಯ ದಪ್ಪ ೧.೬ ಮಿಲಿಮೀಟರು, ಮೇಲಿನ ತಾಮ್ರ ೩೫ ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಮೂವತ್ತರಲ್ಲಿ ಒಂದು ಪಾಲಿಗೆ ಹತ್ತಿರ.

ತಾಮ್ರದ ಮೈಯನ್ನು ಪಾತ್ರೆ ತಿಕ್ಕುವ ಪುಡಿಯಿಂದಲೋ ನಯವಾದ ಉಪ್ಪುಕಾಗದದಿಂದಲೋ ಉಜ್ಜಿ ತೊಳೆಯಿರಿ. ನೀರು ಹನಿಹನಿಯಾಗಿ ಒಡೆಯದೆ ಮೈತುಂಬ ಹರಡಿ ನಿಂತರೆ ಜಿಡ್ಡು ಹೋಗಿದೆ ಎಂದು ಅರ್ಥ. ಆಮೇಲೆ ಬೆರಳು ತಾಗಿಸಬೇಡಿ, ಅಂಚನ್ನಷ್ಟೇ ಹಿಡಿಯಿರಿ. ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಬೆರಳಿನ ಗುರುತಿನ ಮೇಲೆ.

ಇನ್ನು ಕಾಗದ. ಪುಡಿಯನ್ನು ಹಿಡಿದಿಡಬೇಕು, ಆದರೆ ಹೊತ್ತು ಬಂದಾಗ ಬಿಟ್ಟುಕೊಡಬೇಕು, ಅಂಥ ಕಾಗದ ಬೇಕು. ವಾರಪತ್ರಿಕೆಗಳ ನುಣುಪು ಹಾಳೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಹೊಳಪೆಲ್ಲ ನಯವಾದ ಜೇಡಿಯ ಲೇಪ. ನೀರಿನಲ್ಲಿ ನೆನೆದೊಡನೆ ಸಡಿಲಾಗುತ್ತದೆ. ಹಾಳೆಯಲ್ಲಿ ಮೊದಲೇ ಇರುವ ಚಿತ್ರ ಅಡ್ಡಿಯಾಗದು, ಅದು ಕಾಗದದಲ್ಲಿಯೇ ಉಳಿಯುತ್ತದೆ. ಪಿನ್ನು ತೆಗೆದು, ಎ-೪ ಅಳತೆಗೆ ನೇರವಾಗಿ ಕತ್ತರಿಸಿ ಅಂಗಡಿಗೆ ಒಯ್ಯಿರಿ. ಅಂಗಡಿಯವರು ಹುಬ್ಬು ಗಂಟಿಕ್ಕಿಯಾರು. ಯಂತ್ರ ಅವರದು, ಒಪ್ಪಿಸುವ ಹೊಣೆ ನಿಮ್ಮದು. ಇಂಕ್‌ಜೆಟ್ಟಿಗೆಂದು ಮಾಡಿದ ಪ್ಲಾಸ್ಟಿಕ್ ಲೇಪದ ಫೋಟೋ ಕಾಗದವನ್ನು ಮಾತ್ರ ಕೊಡಲೇಬೇಡಿ. ಅದು ಬಿಸಿ ಉರುಳೆಗೆ ಕರಗಿ ಸುತ್ತಿಕೊಂಡರೆ ಯಂತ್ರವೇ ಕೆಟ್ಟೀತು.

ನಕ್ಷೆಯನ್ನು ಬರೆಯಲು ಕೀ-ಕ್ಯಾಡ್‌ನಂಥ ಉಚಿತ ತಂತ್ರಾಂಶಗಳಿವೆ. ಗೆರೆಗಳು ಆರಂಭದಲ್ಲಿ ಒಂದು ಮಿಲಿಮೀಟರಿನಷ್ಟು ಅಗಲವಿರಲಿ. ಕೈ ಪಳಗಿದ ಮೇಲೆ ಅರ್ಧ ಮಿಲಿಮೀಟರಿಗೂ ಇಳಿಯಬಹುದು. ಶೇಕಡ ನೂರರ ಅಳತೆಯಲ್ಲಿಯೇ, ಪುಡಿ ಉಳಿಸುವ ಏರ್ಪಾಡನ್ನು ತೆಗೆದುಹಾಕಿ, ಕಡುಕಪ್ಪಾಗಿ ಮುದ್ರಿಸಿ. ಐ.ಸಿ.ಯ ಕಾಲುಗಳ ನಡುವಣ ಅಂತರ ೨.೫೪ ಮಿಲಿಮೀಟರು. ಐ.ಸಿ.ಯನ್ನು ಕಾಗದದ ಮೇಲಿಟ್ಟು ಎಲ್ಲ ಕಾಲುಗಳೂ ಚುಕ್ಕೆಗಳ ಮೇಲೆ ಕೂತವೆ ನೋಡಿ.

ಎಡಬಲದ ವಿಷಯದಲ್ಲಿ ಎಚ್ಚರ ಬೇಕು. ರಬ್ಬರ್ ಮೊಹರಿನಲ್ಲಿ ಅಕ್ಷರ ತಿರುಗಿರುತ್ತದೆ, ಒತ್ತಿದಾಗ ನೆಟ್ಟಗಾಗುತ್ತದೆ. ನಿಮ್ಮ ಹಾಳೆಯೂ ಒಂದು ಮೊಹರೇ. ತಾಮ್ರದ ಮೇಲೆ ನೆಟ್ಟಗೆ ಓದಬೇಕಾದ ಅಕ್ಷರ ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತಿರಬೇಕು. ಬಿಡಿಭಾಗಗಳು ಮೇಲೆ, ತಾಮ್ರ ಕೆಳಗೆ ಇರುವ ಸಾಮಾನ್ಯ ಬೋರ್ಡಿನಲ್ಲಿ ತಂತ್ರಾಂಶವು ತಾಮ್ರವನ್ನು ಮೇಲಿನಿಂದ, ಹಲಗೆಯ ಮೂಲಕ ನೋಡಿದಂತೆ ತೋರಿಸುವುದರಿಂದ, ಅದು ಆಗಲೇ ತಿರುಗಿದೆ, ಇದ್ದಂತೆಯೇ ಮುದ್ರಿಸಿ. ಭಾಗಗಳನ್ನೂ ತಾಮ್ರದ ಮಗ್ಗುಲಿಗೇ ಬೆಸೆಯುವುದಾದರೆ ಮಾತ್ರ ತಿರುಗಿಸಿ ಮುದ್ರಿಸಬೇಕು.

ಹಾಳೆಯನ್ನು ತಾಮ್ರದ ಮೇಲೆ ಬೋರಲಿಟ್ಟು, ಮೇಲೊಂದು ತೆಳು ಬಟ್ಟೆ ಹಾಕಿ, ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿಬಟ್ಟೆಯ ಶಾಖಕ್ಕಿಟ್ಟು ಬಲವಾಗಿ ಒತ್ತಿರಿ. ಆವಿ ಬೇಡ. ಮೊದಲು ಅಲುಗಿಸದೆ ಒತ್ತಿ, ಹಾಳೆ ಅಂಟಿತೆಂದ ಮೇಲೆ ಅಂಚುಗಳತ್ತ ತುದಿಯಿಂದ ತೀಡಿ. ಮೂರರಿಂದ ಐದು ನಿಮಿಷ ಸಾಕು. ಶಾಖ ಕಡಿಮೆಯಾದರೆ ಗೆರೆ ಅಂಟದು. ಹೆಚ್ಚಾದರೆ ಹರಡಿ ಪಕ್ಕದ ಗೆರೆಯನ್ನು ಕೂಡೀತು. ಆರಿದ ಮೇಲೆ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಯಿಟ್ಟು, ಹೆಬ್ಬೆರಳಿನಿಂದ ಕಾಗದವನ್ನು ಉಜ್ಜಿ ತೆಗೆಯಿರಿ. ಎಳೆದು ಕೀಳುವ ಆತುರ ಬೇಡ. ಅಲ್ಲಲ್ಲಿ ಹರಿದ ಗೆರೆಯನ್ನು ಅಳಿಸದ ಮಾರ್ಕರ್ ಪೆನ್ನಿನಿಂದ ತಿದ್ದಬಹುದು, ಉಗುರುಬಣ್ಣವೂ ಆದೀತು.

ಈಗ ತಿನ್ನಿಸುವ ಕೆಲಸ. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣವನ್ನು ಪ್ಲಾಸ್ಟಿಕ್ ಅಥವಾ ಗಾಜಿನ ತಟ್ಟೆಯಲ್ಲಿ, ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕರಗಿಸಿ. ಕರಗುವಾಗ ಅದು ಬಿಸಿಯಾಗುತ್ತದೆ. ಆದ್ದರಿಂದ ಪುಡಿಯ ಮೇಲೆ ನೀರು ಸುರಿಯಬಾರದು. ಲೋಹದ ಪಾತ್ರೆ ಕೂಡದು. ಕೈಚೀಲ, ಕನ್ನಡಕ, ತೆರೆದ ಕಿಟಕಿ ಮೂರೂ ಇರಲಿ. ಬಟ್ಟೆಗೆ ಬಿದ್ದರೆ ಆ ಹಳದಿ ಕಲೆ ಅಗಸನಿಗೂ ಬಗ್ಗದು. ದ್ರಾವಣ ಉಗುರುಬೆಚ್ಚಗಿದ್ದು, ತಟ್ಟೆಯನ್ನು ಮೆಲ್ಲಗೆ ತೂಗುತ್ತಿದ್ದರೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಬೇಡದ ತಾಮ್ರವೆಲ್ಲ ಹೋಗಿ ಗೆರೆಗಳಷ್ಟೇ ನಿಲ್ಲುತ್ತವೆ.

ತಾಮ್ರ ಹೋಯಿತು ಎಂದೆವು. ಹೋದದ್ದೆಲ್ಲಿಗೆ? ಎಲ್ಲಿಗೂ ಇಲ್ಲ, ತಟ್ಟೆಯ ನೀರಿನಲ್ಲಿಯೇ ಇದೆ. ಹೇಗೆ ಮಾಡುವುದೆಂದು ಹೇಳುವವರು ಬಹಳ, ಆಮೇಲಿನದನ್ನು ಹೇಳುವವರು ಕಡಿಮೆಯಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಹತ್ತು ಸೆಂಟಿಮೀಟರು ಚೌಕದ ಬೋರ್ಡಿನ ಮೇಲೆ ಸುಮಾರು ಮೂರು ಗ್ರಾಂ ತಾಮ್ರವಿರುತ್ತದೆ. ಎರಡು ಗ್ರಾಂ ಕರಗಿತೆನ್ನಿ. ಕುಡಿಯುವ ನೀರಿಗೆ ಭಾರತೀಯ ಮಾನಕವು ಬೇರೆ ನೀರಿಲ್ಲದಾಗ ಒಪ್ಪುವ ಕಟ್ಟಕಡೆಯ ಮಿತಿಯೇ ಲೀಟರಿಗೆ ೧.೫ ಮಿಲಿಗ್ರಾಂ ತಾಮ್ರ. ಭಾಗಿಸಿ ನೋಡಿ: ಅಂಗೈಯಗಲದ ಒಂದು ಬೋರ್ಡಿನ ತಾಮ್ರ ಸಾವಿರದ ಮುನ್ನೂರು ಲೀಟರು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲುದು. ಮಾಳಿಗೆಯ ಮೇಲಿನ ಸಾವಿರ ಲೀಟರಿನ ತೊಟ್ಟಿಗಿಂತ ಹೆಚ್ಚಾಯಿತು. ಮೀನುಗಳಾದರೋ ಇದಕ್ಕಿಂತ ಎಷ್ಟೋ ಕಡಿಮೆ ತಾಮ್ರಕ್ಕೇ ಸಾಯುತ್ತವೆ. ಬಚ್ಚಲಿಗೆ ಚೆಲ್ಲಿದ್ದು ಕೆರೆಗೋ ಬಾವಿಗೋ ದಾರಿ ಹುಡುಕಿಕೊಳ್ಳದೆ ಇರದು.

ಆದ್ದರಿಂದ ದ್ರಾವಣವನ್ನು ಚೆಲ್ಲಬೇಡಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ಹಲವು ಬೋರ್ಡುಗಳಿಗೆ ಬರುತ್ತದೆ. ನಕ್ಷೆಯಲ್ಲಿ ಗೆರೆಗಳ ನಡುವಿನ ಖಾಲಿ ಜಾಗವನ್ನೂ ಕಪ್ಪು ತುಂಬಿಸಿಟ್ಟರೆ ಕರಗುವ ತಾಮ್ರವೇ ಕಡಿಮೆಯಾಗುತ್ತದೆ, ದ್ರಾವಣವೂ ಉಳಿಯುತ್ತದೆ. ಕೊನೆಗೆ ಅದು ಕಪ್ಪು ಹಸಿರಾಗಿ ಕೆಲಸ ನಿಧಾನವಾದಾಗ, ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಬೆರೆಸಿ, ಬಟ್ಟೆ ಒಗೆಯುವ ಸೋಡಾವನ್ನು ಚಿಟಿಕೆಚಿಟಿಕೆಯಾಗಿ ಹಾಕುತ್ತ ಹೋಗಿ. ಭರ್ರನೆ ನೊರೆ ಬರುತ್ತದೆ. ನೊರೆ ಬರುವುದು ನಿಂತರೆ ಆಮ್ಲ ತೀರಿತು. ಕಬ್ಬಿಣ, ತಾಮ್ರಗಳೆರಡೂ ಕೆಸರಾಗಿ ತಳಕ್ಕಿಳಿಯುತ್ತವೆ. ಮೇಲಿನ ನೀರಿನಲ್ಲಿ ನೀಲಿಯ ಛಾಯೆ ಕಂಡರೆ ತಾಮ್ರ ಇನ್ನೂ ಉಳಿದಿದೆ ಎಂದು ತಿಳಿಯಿರಿ. ಕೆಸರನ್ನು ಸೋಸಿ, ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು ಅಪಾಯಕಾರಿ ಕಸವನ್ನು ಬೇರೆಯಾಗಿ ಒಯ್ಯುವವರಿಗೆ ಕೊಡಬೇಕು. ಹೊಸಬರು ಕೆಲವರು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ತಿನ್ನಿಸುವುದುಂಟು. ವೇಗವೇನೋ ಹೆಚ್ಚು, ಆದರೆ ಅದರ ಹೊಗೆಯಲ್ಲಿ ಕ್ಲೋರಿನ್ ಇರುತ್ತದೆ. ಮನೆಗೆ ಅದು ತಕ್ಕದ್ದಲ್ಲ.

ಕಾರ್ಖಾನೆಗೆ ಕಡತ ಕಳುಹಿಸಿದರೆ ಹಸಿರು ಲೇಪದ ಚೆಂದದ ಬೋರ್ಡುಗಳು ಕೆಲವೇ ದಿನಗಳಲ್ಲಿ ಅಂಚೆಯಲ್ಲಿ ಬರುವ ಈ ಕಾಲದಲ್ಲಿ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಹತ್ತು ಬೋರ್ಡು ಬೇಕಾದರೆ, ಎರಡು ಮಗ್ಗುಲಲ್ಲಿಯೂ ಗೆರೆ ಬೇಕಾದರೆ, ಖಂಡಿತವಾಗಿ ಅಲ್ಲಿಗೇ ಕಳುಹಿಸಿ. ಗೋಡೆಯ ೨೩೦ ವೋಲ್ಟನ್ನು ಹೊರುವ ಬೋರ್ಡನ್ನಂತೂ ಈ ಕ್ರಮದಲ್ಲಿ ಮಾಡಲೇಕೂಡದು. ಆದರೆ ಬೆಳಗ್ಗೆ ಬರೆದ ನಕ್ಷೆ ಸರಿಯೋ ತಪ್ಪೋ ಎಂದು ಸಂಜೆಗೆ ತಿಳಿಯಬೇಕಾದ ವಿದ್ಯಾರ್ಥಿಗೆ ಇದಕ್ಕೆ ಸಮನಾದ ದಾರಿ ಇಲ್ಲ.

ತೊಳೆದ ಬೋರ್ಡಿನ ಮೇಲಿನ ಕಪ್ಪನ್ನು ಅಸಿಟೋನಿನಿಂದ ಒರೆಸಿ. ಸಣ್ಣ ಭಾಗಗಳಿಗೆ ೦.೮, ದಪ್ಪ ಕಾಲಿನವಕ್ಕೆ ಒಂದು ಮಿಲಿಮೀಟರಿನ ತೂತು ಕೊರೆಯಿರಿ, ಮೂಗಿಗೆ ಬಟ್ಟೆಯಿರಲಿ. ಬೆಳಕಿಗೆ ಹಿಡಿದು, ಅಕ್ಕಪಕ್ಕದ ಗೆರೆಗಳು ಎಲ್ಲಿಯೂ ಕೂಡಿಲ್ಲವೆಂದು ಮಲ್ಟಿಮೀಟರಿನಿಂದ ನೋಡಿಕೊಂಡು, ತಾಮ್ರ ಮಂಕಾಗುವ ಮೊದಲೇ ಅದೇ ದಿನ ಬೆಸುಗೆ ಹಾಕಿಬಿಡಿ.