ಗೇಮ್ ಕಟ್ಟುವವರಿಗೆ ಪವಾಯಿಯ ಆಸರೆ

ಮುಂಬಯಿ: ಕಚೇರಿ ಮುಗಿಸಿ ರಾತ್ರಿ ಹವ್ಯಾಸಕ್ಕೆಂದು ಕಂಪ್ಯೂಟರ್ ಗೇಮ್ ತಯಾರಿಸುವವರಿಗೆ ಪ್ರೋಗ್ರಾಂ ಕೈಕೊಟ್ಟಾಗ ಕೇಳಲು ಮೇಷ್ಟ್ರಿಲ್ಲ. ಪವಾಯಿ ಐಐಟಿಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರು ಆರಂಭಿಸಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇಂಥವರಿಗೆ ಆಸರೆಯಾಗಿದೆ. ಗೇಮಿಗೆ ಅಡಿಪಾಯವಾಗುವ ಸಿ, ಸಿ ಪ್ಲಸ್ ಪ್ಲಸ್, ಜಾವಾ ಪಾಠಗಳು ಇಲ್ಲಿ ಕನ್ನಡ ಧ್ವನಿಯಲ್ಲೂ ಉಚಿತವಾಗಿ ಲಭ್ಯ. ಪರದೆಯ ಅಕ್ಷರ ಇಂಗ್ಲಿಷಿನದೇ, ವಿವರಣೆ ಮಾತ್ರ ನಮ್ಮದು.

ಸಂದೇಹ ಕೇಳುವಾಗ ಪಾಠದ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ತೊಡಕಾಯಿತೆಂದು ನಮೂದಿಸಬೇಕು. ಈ ಶಿಸ್ತು ಬೇರೆಡೆಯೂ ಬೇಕು. ‘ಗೇಮ್ ಓಡುತ್ತಿಲ್ಲ, ಸಹಾಯ ಮಾಡಿ’ ಎಂದಷ್ಟೇ ಬರೆದರೆ ಬಲ್ಲವರೂ ಸುಮ್ಮನಾಗುತ್ತಾರೆ. ಪರದೆಯಲ್ಲಿ ಬಂದ ದೋಷದ ಸಂದೇಶವನ್ನು ಇದ್ದಂತೆಯೇ ಕೊಟ್ಟು, ಸಂಬಂಧವಿಲ್ಲದ ಸಾಲುಗಳನ್ನು ತೆಗೆದು, ತೊಡಕಿನ ಭಾಗವನ್ನಷ್ಟೇ ಕಳುಹಿಸಬೇಕು. ಹಾಗೆ ಸಾಲು ತೆಗೆಯುವಾಗಲೇ ಎಷ್ಟೋ ಸಲ ತಪ್ಪು ಸಿಕ್ಕಿ, ಯಾರನ್ನೂ ಕೇಳಬೇಕಾಗುವುದಿಲ್ಲ.