ಭಾರತೀಯ ವಾಯುಪಡೆಯ ವಿಮಾನಚಾಲಕ ತರಬೇತಿ: ನಡೆದುಬಂದ ದಾರಿ

2012ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆಯು ತನ್ನ ಎಂಬತ್ತನೆಯ ವಾರ್ಷಿಕೋತ್ಸವವನ್ನು ದೆಹಲಿಯ ಅಂಚಿನಲ್ಲಿರುವ ಹಿಂಡನ್ ವಾಯುನೆಲೆಯಲ್ಲಿ ಆಚರಿಸಿತು. ಗರ್ಜಿಸುತ್ತ ಸಾಗಿದ ಆಧುನಿಕ ಯುದ್ಧವಿಮಾನಗಳ ನಡುವೆ ಅಂದು ಒಂದು ಹಳೆಯ ಪುಟ್ಟ ವಿಮಾನವೂ ಹಾರಿತು. ಒಂದರ ಮೇಲೊಂದು ಜೋಡಿಸಿದ, ಬಟ್ಟೆ ಹೊದಿಸಿದ ರೆಕ್ಕೆಗಳುಳ್ಳ ಅದರ ಹೆಸರು ಟೈಗರ್ ಮಾತ್. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 175 ಕಿಲೋಮೀಟರು ಮಾತ್ರ. ಆದರೂ ನೆರೆದಿದ್ದ ಹಿರಿಯ ಅಧಿಕಾರಿಗಳ ಕಣ್ಣಿನಲ್ಲಿ ಅದಕ್ಕೆ ವಿಶೇಷ ಸ್ಥಾನವಿತ್ತು. ಏಕೆಂದರೆ ಒಂದು ಇಡೀ ಪೀಳಿಗೆಯ ಭಾರತೀಯ ವಿಮಾನಚಾಲಕರು ಹಾರಾಟದ ಮೊದಲ ಅಕ್ಷರಗಳನ್ನು ತಿದ್ದಿದ್ದು ಇಂತಹ ವಿಮಾನಗಳಲ್ಲಿಯೇ.

ಯುದ್ಧವಿಮಾನವನ್ನು ಹಣ ಕೊಟ್ಟು ಕೊಳ್ಳಬಹುದು. ಅದನ್ನು ನಡೆಸುವ ಚಾಲಕನನ್ನು ಕೊಳ್ಳಲಾಗದು. ಅವನನ್ನು ಹಂತಹಂತವಾಗಿ ರೂಪಿಸಬೇಕು. ತರಬೇತಿಯೆಂಬುದು ಒಂದು ಏಣಿ ಇದ್ದಂತೆ. ಅದರ ಮೆಟ್ಟಿಲುಗಳ ನಡುವಿನ ಅಂತರ ಸಮನಾಗಿದ್ದರೆ ಏರುವವನು ಸುರಕ್ಷಿತನಾಗಿ ಮೇಲೆ ತಲುಪುತ್ತಾನೆ. ನಡುವಿನ ಒಂದು ಮೆಟ್ಟಿಲು ಇಲ್ಲವಾದರೆ ಆ ಕೊರತೆಯ ಬೆಲೆಯನ್ನು ತೆರುವವನು ಏರುತ್ತಿರುವ ಯುವಕನೇ. ನಮ್ಮ ವಾಯುಪಡೆಯ ತರಬೇತಿ ವ್ಯವಸ್ಥೆಯ ಇತಿಹಾಸವು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಜೋಡಿಸಿದ ಇತಿಹಾಸವಾಗಿದೆ.

ಪ್ರಾರಂಭದ ದಿನಗಳು

ಭಾರತೀಯ ವಾಯುಪಡೆಯು 1932ರ ಅಕ್ಟೋಬರ್ 8ರಂದು ಶಾಸನಬದ್ಧವಾಗಿ ಅಸ್ತಿತ್ವಕ್ಕೆ ಬಂದಾಗ ನಮ್ಮ ದೇಶದಲ್ಲಿ ಸೇನಾ ವಿಮಾನಚಾಲಕರ ತರಬೇತಿಗೆ ಯಾವುದೇ ಸಂಸ್ಥೆ ಇರಲಿಲ್ಲ. ಮೊದಲ ಐವರು ಚಾಲಕರಾದ ಸುಬ್ರತೊ ಮುಖರ್ಜಿ, ಹರೀಶ್ ಚಂದ್ರ ಸರ್ಕಾರ್, ಐಜಾದ್ ಬಕ್ಷ್ ಅವಾನ್, ಭೂಪೇಂದ್ರ ಸಿಂಗ್ ಮತ್ತು ಅಮರ್‌ಜೀತ್ ಸಿಂಗ್ ಇವರು ಇಂಗ್ಲೆಂಡಿನ ಕ್ರಾನ್‌ವೆಲ್ ಕಾಲೇಜಿನಲ್ಲಿ ತರಬೇತಿ ಪಡೆದರು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಪ್ರಥಮ ಸ್ಕ್ವಾಡ್ರನ್ ರೂಪುಗೊಂಡಿತು. ಅದೇ ವರ್ಷ ಭೂಪೇಂದ್ರ ಸಿಂಗ್ ಮತ್ತು ಅಮರ್‌ಜೀತ್ ಸಿಂಗ್ ವಿಮಾನಾಪಘಾತದಲ್ಲಿ ಮೃತಪಟ್ಟರು. ಐವರಲ್ಲಿ ಇಬ್ಬರನ್ನು ಮೊದಲ ವರ್ಷದಲ್ಲಿಯೇ ಕಳೆದುಕೊಂಡ ವಾಯುಪಡೆಯು ಆಕಾಶವು ಅಜಾಗರೂಕತೆಯನ್ನೂ ಅನನುಭವವನ್ನೂ ಕ್ಷಮಿಸುವುದಿಲ್ಲವೆಂಬ ಪಾಠವನ್ನು ಬಹು ಬೇಗ ಕಲಿಯಬೇಕಾಯಿತು. ಉಳಿದವರಲ್ಲಿ ಸುಬ್ರತೊ ಮುಖರ್ಜಿಯವರು 1954ರಲ್ಲಿ ವಾಯುಪಡೆಯ ಪ್ರಥಮ ಭಾರತೀಯ ಮುಖ್ಯಸ್ಥರಾದರು.

ಎರಡನೆಯ ಮಹಾಯುದ್ಧವು ಈ ಚಿತ್ರವನ್ನು ಬದಲಾಯಿಸಿತು. ವರ್ಷಕ್ಕೆ ಕೆಲವೇ ಯುವಕರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸುವ ಕ್ರಮದಿಂದ ಯುದ್ಧದ ಅಗತ್ಯವನ್ನು ಪೂರೈಸುವುದು ಸಾಧ್ಯವಿರಲಿಲ್ಲ. ಆದುದರಿಂದ ಲಾಹೋರಿನ ವಾಲ್ಟನ್‌ನಲ್ಲಿ ಪ್ರಾರಂಭಿಕ ತರಬೇತಿ ಘಟಕವನ್ನೂ, ಬೇಗಂಪೇಟೆ ಮತ್ತು ಜೋಧಪುರಗಳಲ್ಲಿ ಪ್ರಾಥಮಿಕ ಹಾರಾಟ ಶಾಲೆಗಳನ್ನೂ, ಅಂಬಾಲಾದಲ್ಲಿ ಮುಂದಿನ ಹಂತದ ಸೇನಾ ಹಾರಾಟ ಶಾಲೆಯನ್ನೂ ತೆರೆಯಲಾಯಿತು. ವಿದ್ಯಾರ್ಥಿಯು ಮೊದಲು ತರಗತಿಯಲ್ಲಿ, ಬಳಿಕ ಟೈಗರ್ ಮಾತ್‌ನಲ್ಲಿ, ಅನಂತರ ಹೆಚ್ಚು ಶಕ್ತಿಯುತವಾದ ಹಾರ್ವರ್ಡ್ ವಿಮಾನದಲ್ಲಿ ಕಲಿಯತೊಡಗಿದನು. ಸರಳದಿಂದ ಕಠಿಣದತ್ತ ಸಾಗುವ ಏಣಿಯ ಕಲ್ಪನೆಯು ಭಾರತದ ನೆಲದಲ್ಲಿ ಬೇರೂರಿದ್ದು ಹೀಗೆ.

ತರಬೇತಿ ಕಮಾಂಡ್ ಮತ್ತು ಬೆಂಗಳೂರು

ದೇಶ ವಿಭಜನೆಯೊಂದಿಗೆ ವಾಲ್ಟನ್ ಪಾಕಿಸ್ತಾನದ ಪಾಲಾಯಿತು. ಉಳಿದ ನೆಲೆಗಳನ್ನು ಆಧರಿಸಿ ತರಬೇತಿಯನ್ನು ಪುನಃ ಸಂಘಟಿಸಬೇಕಾಯಿತು. ಆ ಕಾಲದಲ್ಲಿ ಕೈಗೊಂಡ ಎರಡು ಕ್ರಮಗಳು ದೂರಗಾಮಿ ಪರಿಣಾಮವನ್ನು ಬೀರಿದವು. ಮೊದಲನೆಯದು, 1948ರ ಏಪ್ರಿಲ್ ತಿಂಗಳಿನಲ್ಲಿ ಅಂಬಾಲಾದಲ್ಲಿ ಪ್ರಾರಂಭವಾದ ಹಾರಾಟ ಬೋಧಕರ ಶಾಲೆ. ವಿಮಾನವನ್ನು ಚೆನ್ನಾಗಿ ನಡೆಸಬಲ್ಲವರೆಲ್ಲರೂ ಚೆನ್ನಾಗಿ ಕಲಿಸಬಲ್ಲರು ಎಂದೇನಿಲ್ಲ. ವಿದ್ಯಾರ್ಥಿ ತಪ್ಪು ಮಾಡುತ್ತಿರುವಾಗ ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಕ್ಷಣದಲ್ಲಿ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಬೇಕು ಎಂಬುದು ಬೋಧಕನು ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆ. ಈ ಶಾಲೆಯು 1954ರಲ್ಲಿ ಮದರಾಸಿನ ಬಳಿಯ ತಾಂಬರಂಗೆ ಸ್ಥಳಾಂತರಗೊಂಡಿತು. ಭೂಸೇನೆ, ನೌಕಾಪಡೆ ಹಾಗೂ ಮಿತ್ರ ರಾಷ್ಟ್ರಗಳ ಅಧಿಕಾರಿಗಳೂ ಇಲ್ಲಿ ಬೋಧಕರಾಗಿ ತರಬೇತಿ ಪಡೆದಿದ್ದಾರೆ.

ಎರಡನೆಯದು, ತರಬೇತಿ ಕಮಾಂಡಿನ ರಚನೆ. ಸ್ವಾತಂತ್ರ್ಯದ ವೇಳೆಗೆ ದೆಹಲಿಯ ವಾಯುಪಡೆ ಕೇಂದ್ರ ಕಚೇರಿಯ ಅಧೀನದಲ್ಲಿ ಎರಡು ಗ್ರೂಪುಗಳಿದ್ದವು: ಒಂದು ಕಾರ್ಯಾಚರಣೆಗೆ, ಮತ್ತೊಂದು ತರಬೇತಿಗೆ. 1949ರ ಜುಲೈ 22ರಂದು ಇವುಗಳನ್ನು ಕಮಾಂಡುಗಳನ್ನಾಗಿ ಮಾರ್ಪಡಿಸಲಾಯಿತು. ತರಬೇತಿ ಕಮಾಂಡಿನ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ನೀತಿಯ ನಿರ್ಣಯ ದೆಹಲಿಯಲ್ಲಿ, ಕಲಿಕೆಯ ನಿರ್ವಹಣೆ ಬೆಂಗಳೂರಿನಲ್ಲಿ ಎಂಬ ಈ ಏರ್ಪಾಡು ಇಂದಿಗೂ ಮುಂದುವರಿದಿದೆ. ಚಾಲಕರಷ್ಟೇ ಅಲ್ಲದೆ ತಂತ್ರಜ್ಞರು, ಆಡಳಿತಾಧಿಕಾರಿಗಳು ಮತ್ತು ಇತರ ಸಿಬ್ಬಂದಿಯ ಶಿಕ್ಷಣವೂ ಈ ಕಮಾಂಡಿನ ಹೊಣೆಯಾಗಿದೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈಮಾನಿಕ ವೈದ್ಯಕೀಯ ಶಾಲೆಯು ಎತ್ತರ, ವೇಗ ಮತ್ತು ಗುರುತ್ವ ಒತ್ತಡಗಳು ಮಾನವ ಶರೀರದ ಮೇಲೆ ಬೀರುವ ಪರಿಣಾಮವನ್ನು ಅಭ್ಯಸಿಸಿ ತರಬೇತಿಗೆ ಬೆಂಬಲವಾಗಿ ನಿಂತಿತು.

ಸ್ವದೇಶಿ ತರಬೇತಿ ವಿಮಾನಗಳು

1940ರಲ್ಲಿ ಮೈಸೂರು ಸರ್ಕಾರದ ಸಹಯೋಗದೊಂದಿಗೆ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಸ್ವಾತಂತ್ರ್ಯಾನಂತರ ಕೈಗೆತ್ತಿಕೊಂಡ ಮೊದಲ ಸ್ವಂತ ವಿನ್ಯಾಸಗಳಲ್ಲಿ ತರಬೇತಿ ವಿಮಾನಕ್ಕೆ ಅಗ್ರಸ್ಥಾನವಿತ್ತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನವು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿತು. ಹಿಂದುಮುಂದಿನ ಎರಡು ಆಸನಗಳು, ಇಬ್ಬರ ಕೈಗೂ ಎಟುಕುವ ಜೋಡಿ ನಿಯಂತ್ರಣಗಳು, ಬಾಳಿಕೆ ಬರುವ ಲೋಹದ ಮೈ: ಇವು ಅದರ ಲಕ್ಷಣಗಳು. ಅನೇಕ ವರ್ಷಗಳ ಕಾಲ ವಾಯುಪಡೆಯ ಹೊಸ ವಿದ್ಯಾರ್ಥಿಗಳು ಇದೇ ವಿಮಾನದಲ್ಲಿ ನೆಲ ಬಿಟ್ಟು ಮೇಲೇರಿದರು.

ಜೆಟ್ ವಿಮಾನಗಳ ಯುಗ ಬಂದಾಗ ಜೆಟ್ ತರಬೇತಿ ವಿಮಾನವೂ ಅಗತ್ಯವಾಯಿತು. 1964ರ ಸೆಪ್ಟೆಂಬರ್ 4ರಂದು ಪ್ರಥಮ ಹಾರಾಟ ನಡೆಸಿದ ಕಿರಣ್ ಆ ಅಗತ್ಯವನ್ನು ಪೂರೈಸಿತು. ಇದರಲ್ಲಿ ಬೋಧಕ ಮತ್ತು ವಿದ್ಯಾರ್ಥಿ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ; ವಿದ್ಯಾರ್ಥಿಯ ಕೈ ನಡುಗುವುದೂ ಬೋಧಕನಿಗೆ ಕಾಣುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಿರಣ್ ವಾಯುಪಡೆಯ ಸೇವೆಯಲ್ಲಿತ್ತು ಎಂಬುದು ಗಮನಾರ್ಹ.

ವಿಸ್ತರಣೆ: ಬೀದರ್, ಯಲಹಂಕ, ದುಂಡಿಗಲ್

1962ರ ಚೀನಾ ಆಕ್ರಮಣದ ನಂತರ ವಾಯುಪಡೆಯನ್ನು ವಿಸ್ತರಿಸುವ ನಿರ್ಧಾರ ಕೈಗೊಳ್ಳಲಾಯಿತು. ಹೆಚ್ಚು ಸ್ಕ್ವಾಡ್ರನ್‌ಗಳಿಗೆ ಹೆಚ್ಚು ಚಾಲಕರು ಬೇಕು. ಹೆಚ್ಚು ಚಾಲಕರಿಗೆ ಹೆಚ್ಚು ಶಾಲೆಗಳು ಬೇಕು. ನಿಜಾಮರ ಕಾಲದಲ್ಲಿ, 1942ರಲ್ಲಿ ನಿರ್ಮಾಣಗೊಂಡಿದ್ದ ಬೀದರಿನ ವಿಮಾನನಿಲ್ದಾಣದಲ್ಲಿ 1963ರಲ್ಲಿ ಮೂಲ ಹಾರಾಟ ತರಬೇತಿ ಪ್ರಾರಂಭವಾಯಿತು. ಅದೇ ವರ್ಷ ಯಲಹಂಕದಲ್ಲಿ ವಾಯುನೆಲೆ ಸ್ಥಾಪನೆಗೊಂಡಿತು. ಸಾರಿಗೆ ವಿಮಾನಗಳ ಚಾಲಕರನ್ನು ತಯಾರು ಮಾಡುವ ಕೇಂದ್ರವಾಗಿ ಅದು ಮುಂದೆ ಹೆಸರು ಪಡೆಯಿತು. ಹೀಗೆ ಬಹಮನಿ ಸುಲ್ತಾನರ ಕೋಟೆಯ ಊರು ಮತ್ತು ಕೆಂಪೇಗೌಡರ ಪೂರ್ವಜರ ಊರು ಎರಡೂ ದೇಶದ ತರಬೇತಿ ಭೂಪಟದಲ್ಲಿ ಸೇರಿದವು.

ಹಲವು ಊರುಗಳಲ್ಲಿ ಹಂಚಿಹೋಗಿದ್ದ ಶಿಕ್ಷಣವನ್ನು ಒಂದೆಡೆಗೆ ತರುವ ಉದ್ದೇಶದಿಂದ ಹೈದರಾಬಾದಿನ ಸಮೀಪದ ದುಂಡಿಗಲ್‌ನಲ್ಲಿ ವಾಯುಪಡೆ ಅಕಾಡೆಮಿಯನ್ನು ನಿರ್ಮಿಸಲಾಯಿತು. 1967ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅವರು ಅದರ ಶಂಕುಸ್ಥಾಪನೆ ನೆರವೇರಿಸಿದರು. 1971ರ ಜನವರಿಯಲ್ಲಿ ಅದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಅಂದಿನಿಂದ ಇಂದಿನವರೆಗೆ ವಾಯುಪಡೆಯ ಹೊಸ ಚಾಲಕರು ತಮ್ಮ ಎದೆಯ ಮೇಲೆ ರೆಕ್ಕೆಯ ಲಾಂಛನವನ್ನು ಧರಿಸುವುದು ಇಲ್ಲಿನ ನಿರ್ಗಮನ ಪಥಸಂಚಲನದ ದಿನದಂದು.

ಇಲ್ಲದಿದ್ದ ಮೆಟ್ಟಿಲು

ಏಣಿಯು ಪೂರ್ಣವಾಯಿತೆಂದು ತೋರುತ್ತಿದ್ದ ಕಾಲದಲ್ಲಿಯೇ ಅದರ ನಡುವೆ ಒಂದು ದೊಡ್ಡ ಬಿರುಕು ಉಂಟಾಗಿತ್ತು. 1963ರಲ್ಲಿ ವಾಯುಪಡೆಗೆ ಬಂದ ಮಿಗ್-21 ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಅದು ನೆಲಕ್ಕಿಳಿಯುವಾಗಲೂ ಗಂಟೆಗೆ ಸುಮಾರು 300 ಕಿಲೋಮೀಟರು ವೇಗದಲ್ಲಿರುತ್ತದೆ. ಕಿರಣ್‌ನ ಗರಿಷ್ಠ ವೇಗವೇ ಸುಮಾರು 700 ಕಿಲೋಮೀಟರು. 1970ರ ದಶಕದ ನಡುವಿನಿಂದ 2004ರವರೆಗೆ ಬಳಕೆಯಲ್ಲಿದ್ದ ಪೋಲೆಂಡಿನ ಇಸ್ಕ್ರಾ ಜೆಟ್ ತರಬೇತಿ ವಿಮಾನವೂ ಹೆಚ್ಚುಕಡಿಮೆ ಇದೇ ವರ್ಗದ್ದು. ಇಂತಹ ಸೌಮ್ಯ ವಿಮಾನಗಳಿಂದ ಇಳಿದ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಯುವಕನು ಮಿಗ್-21ರಂತಹ ವಿಮಾನಕ್ಕೆ ಏರಬೇಕಾದಾಗ, ಯೋಚಿಸಲು ದೊರೆಯುವ ಸಮಯ ಒಮ್ಮೆಲೇ ಕುಗ್ಗಿಹೋಗುತ್ತಿತ್ತು.

ಈ ಸಮಸ್ಯೆಯನ್ನು ವಾಯುಪಡೆ ಗುರುತಿಸದೆ ಇರಲಿಲ್ಲ. ಅಪಘಾತಗಳನ್ನು ಪರಿಶೀಲಿಸಿದ ಏರ್ ಮಾರ್ಷಲ್ ಡೆನಿಸ್ ಲಾ ಫಾಂಟೇನ್ ಅವರ ಸಮಿತಿಯು 1982ರಲ್ಲಿಯೇ ಸುಧಾರಿತ ಜೆಟ್ ತರಬೇತಿ ವಿಮಾನದ ಅಗತ್ಯವನ್ನು ಎತ್ತಿ ಹೇಳಿತು. 1980ರ ದಶಕದ ಉತ್ತರಾರ್ಧದಲ್ಲಿ ಮಿಗ್ ವಿಮಾನಗಳಿಗೆಂದೇ ಪ್ರತ್ಯೇಕ ತರಬೇತಿ ಘಟಕವನ್ನು ರಚಿಸಲಾಯಿತು. ಅಸ್ಸಾಮಿನ ತೇಜ್‌ಪುರ ಅದರ ನೆಲೆಯಾಗಿ ಹೆಸರಾಯಿತು. ಆದರೆ ಅಲ್ಲಿಯೂ ಕಲಿಯಬೇಕಾದದ್ದು ಮಿಗ್-21ರಲ್ಲಿಯೇ. ಸುಧಾರಿತ ತರಬೇತಿ ವಿಮಾನದ ಖರೀದಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ. ಶಿಫಾರಸಿಗೂ ಸಹಿಗೂ ನಡುವೆ ಇಪ್ಪತ್ತೆರಡು ವರ್ಷಗಳು ಸಂದಿದ್ದವು. ಶಿಫಾರಸಿನ ವರ್ಷದಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ತಾನೇ ಚಾಲಕನಾಗುವ ವಯಸ್ಸನ್ನು ತಲುಪಿತ್ತು.

2012ರಲ್ಲಿ ರಕ್ಷಣಾ ಸಚಿವ ಎ. ಕೆ. ಆಂಟನಿಯವರು ಸಂಸತ್ತಿಗೆ ನೀಡಿದ ಮಾಹಿತಿಯಂತೆ, ಅಲ್ಲಿಯವರೆಗೆ ಕೊಂಡ 872 ಮಿಗ್ ಶ್ರೇಣಿಯ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿದ್ದವು. 171 ಚಾಲಕರು ಪ್ರಾಣ ಕಳೆದುಕೊಂಡಿದ್ದರು. ಇವೆಲ್ಲಕ್ಕೂ ತರಬೇತಿಯ ಕೊರತೆಯೇ ಕಾರಣವೆಂದು ಹೇಳಲಾಗದು. ತಾಂತ್ರಿಕ ದೋಷಗಳೂ ಮಾನವ ಸಹಜ ತಪ್ಪುಗಳೂ ಕಾರಣಗಳಲ್ಲಿ ಸೇರಿವೆ. ಆದರೆ ಸಂಖ್ಯೆಯ ಹಿಂದೆ ಇರುವ ಮನೆಗಳನ್ನು ನೆನೆದಾಗ ವಿಳಂಬದ ಬೆಲೆ ಎಷ್ಟೆಂಬುದು ಮನವರಿಕೆಯಾಗುತ್ತದೆ. ಮಿಗ್-21 ವಿಮಾನವು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತಿಗೊಂಡಿತು.

2004ರ ಒಪ್ಪಂದದಂತೆ 66 ಹಾಕ್ ವಿಮಾನಗಳ ಪೈಕಿ 24 ಬ್ರಿಟನ್ನಿನಿಂದ ನೇರವಾಗಿ ಬಂದವು. 42ನ್ನು ಬೆಂಗಳೂರಿನ ಎಚ್‌ಎಎಲ್ ತಯಾರಿಸಿತು. 2008ರ ಫೆಬ್ರವರಿ 23ರಂದು ಹಾಕ್ ವಿಮಾನಗಳು ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು ಬೀದರಿನಲ್ಲಿ. ಕೊರತೆಯಾಗಿದ್ದ ಮೆಟ್ಟಿಲನ್ನು ಕೂರಿಸಿದ ನೆಲ ಕನ್ನಡ ನಾಡಿನದೆಂಬುದು ನಮಗೆ ಸಮಾಧಾನದ ಸಂಗತಿ.

ಮೊದಲ ಮೆಟ್ಟಿಲಿನ ಸಮಸ್ಯೆ

ಮೇಲಿನ ಮೆಟ್ಟಿಲು ಸರಿಯಾದ ಮರುವರ್ಷವೇ ಕೆಳಗಿನ ಮೆಟ್ಟಿಲು ಅಲುಗಿತು. 1984ರಿಂದ ಪ್ರಾಥಮಿಕ ತರಬೇತಿಗೆ ಬಳಸುತ್ತಿದ್ದ ದೀಪಕ್ ವಿಮಾನವು ಎಂಜಿನ್ ಸ್ಥಗಿತಗೊಳ್ಳುವ ತೊಂದರೆಯಿಂದ ಬಳಲುತ್ತಿತ್ತು. ಹದಿನೇಳು ಅಪಘಾತಗಳಲ್ಲಿ ಹತ್ತೊಂಬತ್ತು ಚಾಲಕರು ಮಡಿದರು. 2009ರ ಜುಲೈ 31ರಂದು ಇಬ್ಬರು ಬೋಧಕರು ಮೃತಪಟ್ಟ ನಂತರ ಅದರ ಹಾರಾಟವನ್ನು ನಿಲ್ಲಿಸಲಾಯಿತು. ಬದಲಿ ಸಿದ್ಧವಿಲ್ಲದ ಕಾರಣ ಹೊಸ ವಿದ್ಯಾರ್ಥಿಗಳು ಕೆಲಕಾಲ ನೇರವಾಗಿ ಕಿರಣ್ ಜೆಟ್‌ನಲ್ಲಿಯೇ ಮೊದಲ ಪಾಠ ಕಲಿಯಬೇಕಾಯಿತು. 2012ರಲ್ಲಿ ಸ್ವಿಟ್ಜರ್‌ಲೆಂಡಿನ 75 ಪಿಲಾಟಸ್ ವಿಮಾನಗಳಿಗೆ ಒಪ್ಪಂದವಾಯಿತು. 2013ರ ಮೇ ತಿಂಗಳಿನಲ್ಲಿ ಅವು ದುಂಡಿಗಲ್‌ನಲ್ಲಿ ಸೇವೆಗೆ ಸೇರಿದವು. ಎಚ್‌ಎಎಲ್ ವಿನ್ಯಾಸಗೊಳಿಸಿದ ಎಚ್‌ಟಿಟಿ-40 ವಿಮಾನವು 2016ರ ಮೇ 31ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಇಂತಹ 70 ವಿಮಾನಗಳ ಖರೀದಿಗೆ 2023ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು.

ತರಬೇತಿಯ ಕ್ರಮ

ವಿದ್ಯಾರ್ಥಿಯು ಮೊದಲು ನೆಲದ ಮೇಲೆ ವಾಯುಬಲಶಾಸ್ತ್ರ, ಹವಾಮಾನ, ದಿಕ್ಸೂಚನೆ ಮತ್ತು ಎಂಜಿನ್‌ಗಳ ಬಗೆಗೆ ಅಭ್ಯಾಸ ಮಾಡುತ್ತಾನೆ. ಕೃತಕ ಹಾರಾಟ ಯಂತ್ರದಲ್ಲಿ ತುರ್ತು ಪರಿಸ್ಥಿತಿಗಳನ್ನು ಎದುರಿಸಲು ಕಲಿಯುತ್ತಾನೆ. ಬೋಧಕನೊಡನೆ ಹಲವು ಬಾರಿ ಹಾರಿದ ಬಳಿಕ ಒಂದು ದಿನ ಬೋಧಕನು ಕೆಳಗಿಳಿದು ವಿಮಾನವನ್ನು ವಿದ್ಯಾರ್ಥಿಯೊಬ್ಬನಿಗೇ ಒಪ್ಪಿಸುತ್ತಾನೆ. ಈ ಪ್ರಥಮ ಏಕಾಂಗಿ ಹಾರಾಟವನ್ನು ಯಾವ ಚಾಲಕನೂ ಜೀವಮಾನದಲ್ಲಿ ಮರೆಯುವುದಿಲ್ಲ. ಪ್ರಾಥಮಿಕ ಹಂತದ ಸಾಧನೆ, ಒಲವು ಹಾಗೂ ಸೇವೆಯ ಅಗತ್ಯವನ್ನು ಗಮನಿಸಿ ಯುದ್ಧವಿಮಾನ, ಸಾರಿಗೆ ವಿಮಾನ ಅಥವಾ ಹೆಲಿಕಾಪ್ಟರ್ ವಿಭಾಗಕ್ಕೆ ಅವರನ್ನು ಹಂಚಲಾಗುತ್ತದೆ. ಹೆಲಿಕಾಪ್ಟರ್ ತರಬೇತಿಗೆ ಹಕೀಂಪೇಟೆ, ಸಾರಿಗೆ ವಿಮಾನಗಳಿಗೆ ಯಲಹಂಕ, ಹಾಕ್ ತರಬೇತಿಗೆ ಬೀದರ್ ಪ್ರಮುಖ ಕೇಂದ್ರಗಳು. ನಿಗದಿತ ಮಟ್ಟವನ್ನು ಮುಟ್ಟದವರ ಹಾರಾಟವನ್ನು ನಿಲ್ಲಿಸುವುದೂ ಉಂಟು. ಇದು ಶಿಕ್ಷೆಯಲ್ಲ, ಅವರ ಪ್ರಾಣರಕ್ಷಣೆಯ ಕ್ರಮ.

ಈ ಏಣಿಯನ್ನು ಇಂದು ಮಹಿಳೆಯರೂ ಏರುತ್ತಿದ್ದಾರೆ. 1994ರಲ್ಲಿ ಮೊದಲ ಮಹಿಳಾ ಚಾಲಕರು ಸಾರಿಗೆ ವಿಮಾನ ಮತ್ತು ಹೆಲಿಕಾಪ್ಟರ್ ವಿಭಾಗಗಳಿಗೆ ಸೇರಿದರು. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ಯುದ್ಧವಿಮಾನ ವಿಭಾಗಕ್ಕೆ ನಿಯುಕ್ತರಾದ ಪ್ರಥಮ ಮಹಿಳೆಯರಾದರು.

ಸೇರಬಯಸುವವರಿಗೆ

ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಅಭ್ಯಾಸ ಮಾಡಿದವರು ಕೇಂದ್ರ ಲೋಕಸೇವಾ ಆಯೋಗವು ನಡೆಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಪರೀಕ್ಷೆಯ ಮೂಲಕವೂ, ಪದವೀಧರರು ವಾಯುಪಡೆಯೇ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕವೂ ಪ್ರಯತ್ನಿಸಬಹುದು. ನಂತರದ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲಿದೆ. ಚಾಲಕನಾಗುವ ಸಹಜ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ ಇರುವುದನ್ನು ಅಭ್ಯರ್ಥಿಗಳು ನೆನಪಿನಲ್ಲಿಡಬೇಕು.

ದೆಹಲಿಗೆ ಬರುವ ಕನ್ನಡಿಗರು ಪಾಲಂನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಆರಂಭಕಾಲದ ವಾಪಿಟಿ ವಿಮಾನವನ್ನು ನೋಡಬಹುದು. ಅದರ ಮುಂದೆ ನಿಂತಾಗ 1933ರ ಆ ಇಬ್ಬರು ತರುಣರನ್ನು ಸ್ಮರಿಸುವುದು ಉಚಿತ. ಅವರ ನಂತರದ ಪ್ರತಿಯೊಂದು ಶಾಲೆಯೂ ಪ್ರತಿಯೊಂದು ತರಬೇತಿ ವಿಮಾನವೂ ಒಂದೇ ಉದ್ದೇಶಕ್ಕಾಗಿ ರೂಪುಗೊಂಡಿವೆ: ಆಕಾಶಕ್ಕೆ ಏರಿದವನು ನೆಲಕ್ಕೆ ಕ್ಷೇಮವಾಗಿ ಹಿಂದಿರುಗಬೇಕು.